ಮಾರುತಿ 800ರ ಹಿಂದಿನ ದೀಪದ ಮುಚ್ಚಳ ಮಂಕಾಗಿರುವ ಬಗ್ಗೆ

ನಮಸ್ಕಾರ. ನಿಮ್ಮ 1998ರ ಮಾರುತಿ 800ರ ಹಿಂದಿನ ಕೆಂಪು ದೀಪದ ಮುಚ್ಚಳಗಳು ಬಿಸಿಲಿಗೆ ಬೆಳ್ಳಗಾಗಿವೆ, ಥಿನ್ನರ್ ಹಚ್ಚಿ ಒರೆಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಥಿನ್ನರನ್ನಾಗಲಿ ಪೆಟ್ರೋಲನ್ನಾಗಲಿ ಮುಟ್ಟಿಸಬೇಡಿ. ಇಂಥ ಮುಚ್ಚಳಗಳು ಸಾಮಾನ್ಯವಾಗಿ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನವು. ಥಿನ್ನರ್ ಅಥವಾ ಪೆಟ್ರೋಲ್ ತಗುಲಿದರೆ ಅವು ಒಳಗೇ ಕೂದಲೆಳೆಯಂಥ ಬಿರುಕು ಬಿಡುತ್ತವೆ, ಆ ಬಿರುಕು ಯಾವ ಪಾಲಿಶಿಗೂ ಹೋಗುವುದಿಲ್ಲ.

ದೀಪವನ್ನು ಕಳಚಿ ಸೋಪುನೀರಿನಲ್ಲಿ ತೊಳೆದು, ಮೇಲ್ಮೈಯ ಮೇಲೆ ಉಗುರಾಡಿಸಿ ನೋಡಿ. ಉಗುರು ಗೀರಿಗೆ ಸಿಕ್ಕಿಕೊಂಡರೆ 1000ರ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಮರಳುಕಾಗದ; ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು), ಇಲ್ಲವಾದರೆ 1500ರಿಂದಲೇ ಆರಂಭಿಸಬಹುದು. ಕಾಗದವನ್ನು ಸದಾ ಒದ್ದೆಯಾಗಿಟ್ಟು, ಉಜ್ಜಿದಾಗ ಇಳಿಯುವ ನಸುಗೆಂಪು ಹಾಲಿನಂಥ ನೀರನ್ನು ಆಗಾಗ ತೊಳೆಯುತ್ತ, ಒಂದು ಹಂತದ ಗೀರುಗಳು ಪೂರ್ತಿ ಮಾಯವಾದ ಮೇಲಷ್ಟೇ 2000ಕ್ಕೆ, ಅನಂತರ 3000ಕ್ಕೆ ಹೋಗಬೇಕು; ಇಲ್ಲಿ ಅವಸರ ಮಾಡಿದವರ ಕೆಲಸ ಬಿಸಿಲಿಗೆ ಹಿಡಿದೊಡನೆ ಗೊತ್ತಾಗುತ್ತದೆ. ಒಳಮೈಯ ಉಬ್ಬುತಗ್ಗುಗಳು ಬೆಳಕನ್ನು ಹರಡಲೆಂದೇ ಇರುವುದರಿಂದ ಅಲ್ಲಿ ಉಜ್ಜಬಾರದು.

ಕೊನೆಯಲ್ಲಿ ಪ್ಲಾಸ್ಟಿಕ್ ಪಾಲಿಶನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಕೈಯಲ್ಲೇ ಉಜ್ಜುವುದು ಕ್ಷೇಮ, ಏಕೆಂದರೆ ಯಂತ್ರವನ್ನು ಒಂದೇ ಕಡೆ ಹಿಡಿದರೆ ಬಿಸಿಗೆ ಅಕ್ರಿಲಿಕ್ ಮೆತ್ತಗಾಗುತ್ತದೆ. ಮರಳಿ ಕೂರಿಸುವಾಗ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ ಬಿರಿದಿದ್ದರೆ ಬದಲಿಸಿ. ಇಲ್ಲದಿದ್ದರೆ ಮೊದಲ ಮಳೆಗೇ ಒಳಗೆ ನೀರು ಸೇರಿ ಬಲ್ಬಿನ ಹೋಲ್ಡರ್ ತುಕ್ಕು ಹಿಡಿಯುತ್ತದೆ.