ನಟ ಕೈಮುಗಿದರು, ನಾನು ದುಡ್ಡು ಕೊಟ್ಟೆ

ಹಾಸನದ ಓದುಗರೊಬ್ಬರ ಪತ್ರ: ಮಕ್ಕಳ ಆಪರೇಷನ್‌ಗೆ ನೆರವು ಕೇಳಿ ಸಿನಿಮಾ ನಟರೊಬ್ಬರು ಕೈಮುಗಿದ ವಿಡಿಯೋ ನೋಡಿ ಒಂದು ಸಂಸ್ಥೆಗೆ ಎರಡು ಸಾವಿರ ಕಳಿಸಿದೆ. ಆಮೇಲೆ ಗೊತ್ತಾಯ್ತು, ಆ ವಿಡಿಯೋಗೆ ನಟರು ಸಂಭಾವನೆ ತಗೊಂಡಿದ್ದರಂತೆ. ನಾನು ಮೋಸ ಹೋದೆನಾ? ದುಡ್ಡು ವಾಪಸ್ ಕೇಳಲಾ?

ಸಂಪಾದಕರ ಉತ್ತರ: ದುಡ್ಡು ತಗೊಂಡದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಕ್ಯಾಮೆರಾದವರು, ಎಡಿಟಿಂಗ್ ಮಾಡಿದವರು ಎಲ್ಲರೂ ತಗೊಂಡಿರುತ್ತಾರೆ. ತಪ್ಪು ಇರುವುದು ಮುಚ್ಚಿಟ್ಟದ್ದರಲ್ಲಿ. ಸೋಪಿನ ಜಾಹೀರಾತಿನಲ್ಲಿ ನಟ ದುಡ್ಡು ತಗೊಂಡೇ ಮಾತಾಡುತ್ತಾನೆ ಅಂತ ಮಕ್ಕಳಿಗೂ ಗೊತ್ತು, ಆದರೆ ದಾನ ಕೇಳುವಾಗ ನಟರು ದುಡ್ಡು ತಗೊಳ್ಳದೆ ಬಂದಿದ್ದಾರೆ, ಮನಸ್ಸು ಕರಗಿ ಬಂದಿದ್ದಾರೆ ಅಂದುಕೊಳ್ಳುತ್ತೇವೆ ಅಲ್ವಾ? ಆ ನಂಬಿಕೆಯ ಮೇಲೇ ದುಡ್ಡು ಹೊರಡುವುದು. ಸರಕು, ಸೇವೆಗಳ ಜಾಹೀರಾತಿಗೆ 2022ರಲ್ಲಿ ಕೇಂದ್ರ ತಂದ ಮಾರ್ಗಸೂಚಿ ಹೇಳುವುದೂ ಇದನ್ನೇ: ನೋಡುವವರು ಊಹಿಸದ ಹಣದ ನಂಟಿದ್ದರೆ ಬಾಯಿಬಿಟ್ಟು ಹೇಳಬೇಕು.

ಬಿಟ್ಟಿಯಾಗಿ ಬಂದರೂ ಎಲ್ಲ ಸರಿ ಅಂತಲ್ಲ. ದಾನ ಸಂಗ್ರಹಿಸುವ ಬ್ರಿಟನ್ನಿನ ಕಾಮಿಕ್ ರಿಲೀಫ್ ಸಂಸ್ಥೆಗಾಗಿ ಗಾಯಕ ಎಡ್ ಶೀರನ್ 2017ರಲ್ಲಿ ಆಫ್ರಿಕಾದ ಲೈಬೀರಿಯಾದ ಬೀದಿ ಮಕ್ಕಳ ಜೊತೆ ಕಾಣಿಸಿಕೊಂಡಾಗ, ಬಡವರನ್ನು ಅಸಹಾಯಕರಾಗಿ, ತಾರೆಯನ್ನು ಉದ್ಧಾರಕನಾಗಿ ತೋರಿಸಿದ್ದಾರೆ ಅಂತ ಜೋರು ಟೀಕೆ ಬಂತು. 2019ರಲ್ಲಿ ಅದೇ ಸಂಸ್ಥೆಗಾಗಿ ಹೋದ ಟಿವಿ ನಿರೂಪಕಿ ಸ್ಟೇಸಿ ಡೂಲಿ ಉಗಾಂಡಾದ ಮಗುವನ್ನು ಎತ್ತಿಕೊಂಡ ಫೋಟೋ ಹಾಕಿದಾಗಲೂ ಅದೇ ಗಲಾಟೆ. 2020ರಲ್ಲಿ ಸಂಸ್ಥೆಯೇ, ಇನ್ನು ಮುಂದೆ ತಾರೆಯರನ್ನು ಆಫ್ರಿಕಾಕ್ಕೆ ಕಳಿಸಿ ಇಂಥ ಚಿತ್ರ ಮಾಡುವುದಿಲ್ಲ ಎಂದಿತು. ನೀವು ನೋಡಿದ ವಿಡಿಯೋದಲ್ಲಿ ಬ್ಯಾಂಡೇಜ್ ಸುತ್ತಿದ ಒಂದು ಮಗು ಇತ್ತಲ್ಲ, ಅದರ ಮುಖ ತೋರಿಸಲು ಯಾರ ಒಪ್ಪಿಗೆ ಕೇಳಿದ್ದರು? ಮಗುವಿನ ಆಪರೇಷನ್‌ಗೆ ಕಾಯುತ್ತಿರುವ ತಾಯಿ ಬೇಡ ಅನ್ನುತ್ತಾಳಾ?

ನಮ್ಮಲ್ಲಿ ಇದಕ್ಕಿಂತ ಒಳ್ಳೆ ದಾರಿ ಇದೆ. ನೇತ್ರದಾನ ಮಾಡಿ ಎಂದ ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನೇ ಕೊಟ್ಟರು. 2021ರಲ್ಲಿ ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ತಾವಾಗಿಯೇ ಬಂದರು.

ಇನ್ನು ನಿಮ್ಮ ಎರಡು ಸಾವಿರ. ವಾಪಸ್ ಕೇಳಬೇಡಿ, ಅದು ಆಪರೇಷನ್‌ಗೇ ಹೋಗಿರಬಹುದು. 80ಜಿ ರಸೀದಿ ಇದೆ ಅಂತ ನಿಶ್ಚಿಂತೆಯಾಗಿಯೂ ಇರಬೇಡಿ, ಅದು ತೆರಿಗೆ ವಿನಾಯಿತಿಗೆ ಮಾತ್ರ, ದುಡ್ಡು ಹೇಗೆ ಖರ್ಚಾಯ್ತು ಅಂತ ಹೇಳುವುದಿಲ್ಲ. ಸಂಸ್ಥೆಗೆ ಒಂದು ಪತ್ರ ಹಾಕಿ: ನಟರಿಗೆ ಎಷ್ಟು ಕೊಟ್ಟಿರಿ, ಈ ವರ್ಷ ಎಷ್ಟು ಮಕ್ಕಳಿಗೆ ಆಪರೇಷನ್ ಆಯ್ತು, ಆಡಿಟ್ ಆದ ಲೆಕ್ಕ ಎಲ್ಲಿ ಸಿಗುತ್ತದೆ? ಉತ್ತರ ಬಂದರೆ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ. ಬರದಿದ್ದರೆ ಅದನ್ನೂ ಹಾಕುತ್ತೇವೆ.