ಓದುಗರ ಪ್ರಶ್ನೆ: ಮಂಗನ ಕಾಯಿಲೆಗೆ ಎರಡನೇ ಸಲ ರಕ್ತ ಯಾಕೆ?

ಪ್ರಶ್ನೆ: ಕಾಡಿನಿಂದ ತರಗೆಲೆ ಹೊತ್ತು ತಂದ ವಾರದೊಳಗೆ ನಮ್ಮ ಮನೆಯವರಿಗೆ ಜೋರು ಜ್ವರ, ತಲೆನೋವು ಬಂತು. ಮೂರನೇ ದಿನ ಮಾಡಿಸಿದ ಐಜಿಎಂ ಎಲೈಸಾ ನೆಗೆಟಿವ್. ಆದರೂ ಮತ್ತೆ ರಕ್ತ ಕೊಡಿ ಎನ್ನುತ್ತಾರೆ. ಒಂದು ಸಲ ಕೊಟ್ಟರೆ ಸಾಲದೇ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಸಾಲದು, ತಪ್ಪದೆ ಕೊಡಿಸಿ. ಐಜಿಎಂ ಹುಡುಕುವುದು ವೈರಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಅದು ಪರೀಕ್ಷೆಗೆ ಸಿಗುವಷ್ಟಾಗಲು ಜ್ವರ ಶುರುವಾಗಿ ಸುಮಾರು ಐದು ದಿನವಾದರೂ ಆಗಬೇಕು. ಮೂರನೇ ದಿನ ರಕ್ತದಲ್ಲಿ ವೈರಾಣುವೇ ಓಡಾಡುತ್ತಿರುತ್ತದೆ, ಆಗ ಬೇಕಾದದ್ದು ವೈರಾಣುವನ್ನೇ ಹುಡುಕುವ ಆರ್‌ಟಿ-ಪಿಸಿಆರ್. ಆಮೇಲೆ ಪ್ರತಿಕಾಯ ಏರಿ ವೈರಾಣು ಇಳಿಯುತ್ತದೆ. ಪಿಸಿಆರ್‌ಗೆ ತಪ್ಪಿಸಿಕೊಂಡದ್ದು ಐಜಿಎಂನಲ್ಲಿ ಸಿಕ್ಕಿಬೀಳುತ್ತದೆ. ಹಾಗಾಗಿ ಜ್ವರ ಶುರುವಾದ ತಾರೀಖನ್ನು ಫಾರ್ಮಿನಲ್ಲಿ ಬರೆಸಲೇಬೇಕು. ಆ ತಾರೀಖಿಲ್ಲದ ನೆಗೆಟಿವ್ ರಿಪೋರ್ಟನ್ನು ನಂಬುವಂತಿಲ್ಲ.

ರಕ್ತ ತೆಗೆಯುವಲ್ಲೂ ಎಡವಟ್ಟಾಗುತ್ತದೆ. 4–5 ಮಿ.ಲೀ. ರಕ್ತ ಸಾಕು, ಆದರೆ ಸಿರಿಂಜಿನಿಂದ ನಳಿಕೆಗೆ ರಭಸವಾಗಿ ಒತ್ತಿದರೆ ಕೆಂಪು ಕಣಗಳು ಒಡೆಯುತ್ತವೆ. ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡಿಸಿದ ಸೀರಂ (ಮೇಲಿನ ತಿಳಿದ್ರವ) ತಿಳಿಹಳದಿ ಇರಬೇಕು. ಮುರುಗಲ ಪಾನಕದಂತೆ ಕೆಂಪಾಗಿದ್ದರೆ ಅದರಲ್ಲಿರುವ ಹಿಮೋಗ್ಲೋಬಿನ್ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ. ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ನಳಿಕೆಯಲ್ಲಿ ತೆಗೆದರೂ ಇದೇ ತೊಂದರೆ. ಸೀರಂ ಬೇರ್ಪಡಿಸುವ ಮೊದಲೇ ರಕ್ತವನ್ನು ಫ್ರೀಜರಿನಲ್ಲಿಟ್ಟು ಕೆಡಿಸುವವರೂ ಇದ್ದಾರೆ. 2ರಿಂದ 8 ಡಿಗ್ರಿ ತಂಪಿನಲ್ಲೇ ಪ್ರಯೋಗಾಲಯ ಮುಟ್ಟಬೇಕು.

ಪಾಸಿಟಿವ್ ಬಂದಾಗಲೂ ಎಚ್ಚರ ಬೇಕು. ಡೆಂಗಿ ವೈರಾಣು ಇದೇ ಕುಟುಂಬದ್ದು, ಹಾಗಾಗಿ ಪ್ರತಿಕಾಯ ಪರೀಕ್ಷೆಯಲ್ಲಿ ಒಂದು ಇನ್ನೊಂದರಂತೆ ಕಾಣಿಸಬಹುದು.

ಫಲಿತಾಂಶ ಬರುವವರೆಗೆ ಜ್ವರಕ್ಕೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಮಾತ್ರ. ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿಯುವುದರಿಂದ ಆಸ್ಪಿರಿನ್, ಐಬುಪ್ರೊಫೇನ್ ಕೊಟ್ಟರೆ ರಕ್ತಸ್ರಾವ ಹೆಚ್ಚೀತು. ಜ್ವರ ಬಿಟ್ಟಿತೆಂದು ಮೈಮರೆಯಬೇಡಿ. ಕೆಲವರಿಗೆ ಒಂದೆರಡು ವಾರ ಬಿಟ್ಟು ಮತ್ತೆ ಮರುಕಳಿಸುತ್ತದೆ. ಆಗ ತೀವ್ರ ತಲೆನೋವು, ನಡುಕ, ಗೊಂದಲದ ಮಾತು ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: 2019ರಲ್ಲಿ ಎರಡು ಡೋಸ್ ಲಸಿಕೆ ಹಾಕಿಸಿಕೊಂಡಿದ್ದೇನೆ. ಈಗಲೂ ರಕ್ಷಣೆ ಇದೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ಅದನ್ನು ನೆಚ್ಚಿಕೊಳ್ಳಬೇಡಿ. ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಆ ವೈರಾಣು ಮೈಯಲ್ಲಿ ಬೆಳೆಯುವುದಿಲ್ಲ, ಹಾಗಾಗಿ ರೋಗನಿರೋಧಕ ನೆನಪು ಬೇಗ ಮಾಸುತ್ತದೆ. ತಿಂಗಳ ಅಂತರದ ಎರಡು ಡೋಸಿನ ನಂತರ 6–9 ತಿಂಗಳಿಗೊಂದು ಬೂಸ್ಟರ್, ಮುಂದೆ ವರ್ಷಕ್ಕೊಂದು ಎಂದು ನಿಗದಿಯಾಗಿದ್ದೇ ಇದಕ್ಕಾಗಿ. 2005–10ರ ಅವಧಿಯ ಲೆಕ್ಕದಲ್ಲಿ ಎರಡು ಡೋಸಿಗೆ ಸುಮಾರು ಶೇ. 62, ಬೂಸ್ಟರ್ ಸೇರಿದರೆ ಸುಮಾರು ಶೇ. 83 ರಕ್ಷಣೆ ಕಂಡಿತ್ತು. 2022ರಲ್ಲಿ ಆ ಲಸಿಕೆಯೇ ನಿಂತಿತು.

ಈ ಕಾಯಿಲೆ ಹರಡುವುದು ಉಣುಗು (ಉಣ್ಣೆ). ಕಾಡಿಗೆ ಹೋಗುವಾಗ ಅದು ಹತ್ತಿರ ಬಾರದಂತೆ ಡೀಪಾ ಎಣ್ಣೆ ಹಚ್ಚಿ, ಮೈತುಂಬ ಬಟ್ಟೆ ತೊಡಿ. ಕಚ್ಚುವುದು ಹೆಚ್ಚಾಗಿ ಮರಿ ಉಣುಗು. ಎಳ್ಳುಕಾಳಿಗಿಂತ ಚಿಕ್ಕದು, ಕಚ್ಚಿದ್ದೇ ತಿಳಿಯುವುದಿಲ್ಲ. ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ, ಕಂಕುಳು, ಸೊಂಟ, ಮಂಡಿಯ ಹಿಂಭಾಗ ನೋಡಿಕೊಳ್ಳಿ. ಕಂಡರೆ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು, ಉಗುರಲ್ಲಿ ಕುಕ್ಕಿ ಸಾಯಿಸುವುದು ಬೇಡ.