ಗಿಲಕಿ ಇಲ್ಲದ ನೆಂಟರು

ಪ್ರಶ್ನೆ: ಟಿವಿಯಲ್ಲಿ ತೋರಿಸುವ ಅಮೆರಿಕದ ಗಿಲಕಿ ಹಾವು ನಮ್ಮಲ್ಲಿ ಉಂಟೇ? ಮಳೆಗಾಲದಲ್ಲಿ ಕಾಸರಗೋಡಿನ ರಾಣಿಪುರಂ ಗುಡ್ಡೆ ಹತ್ತುವವರಿದ್ದೇವೆ. ನನ್ನ ಬಳಿ 100 ಎಂಎಂ ಮ್ಯಾಕ್ರೊ ಲೆನ್ಸ್ ಇದೆ. ಅಂಥ ಹಾವು ಕಂಡರೆ ಎಷ್ಟು ಹತ್ತಿರ ಹೋಗಿ ಫೋಟೊ ತೆಗೆಯಬಹುದು?
– ಓದುಗರು, ಬದಿಯಡ್ಕ

ಉತ್ತರ: ಗಿಲಕಿ ಹಾವು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಅದರ ಬಾಲದ ತುದಿಯ ಗಿಲಕಿ ನಮ್ಮ ಉಗುರಿನ ಹಾಗೆ ಕೆರಾಟಿನ್‌ನದು. ಪೊರೆ ಬಿಟ್ಟಾಗಲೆಲ್ಲ ಒಂದು ಬಳೆ ಸೇರುತ್ತದೆ, ವರ್ಷಕ್ಕೆ ಎರಡು ಮೂರು ಸಲ ಪೊರೆ ಬಿಡುವುದೂ ಉಂಟು. ಆದ್ದರಿಂದ ಬಳೆ ಎಣಿಸಿ ವಯಸ್ಸು ಹೇಳುವವರನ್ನು ನಂಬಬೇಡಿ.

ಅದರ ನೆಂಟರು ನಮ್ಮಲ್ಲಿದ್ದಾರೆ. ಅವು ಗುಳಿಮಂಡಲಗಳು, ಮಲಯಾಳದಲ್ಲಿ ಕುಳಿಮಂಡಲಿ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವಿನ ಗುಳಿ ಬೇಟೆಯ ಮೈಯ ಬಿಸಿಯನ್ನು ಗುರುತಿಸುತ್ತದೆ. ಮಲಬಾರ್ ಗುಳಿಮಂಡಲ ಹಸಿರು, ಹಳದಿ, ಕಂದು ಹೀಗೆ ಹಲವು ಬಣ್ಣಗಳಲ್ಲಿ, ಮಳೆಗಾಲದಲ್ಲಿ ದಾರಿಬದಿಯ ಗಿಡಗಳ ಮೇಲೆ ಸುರುಳಿ ಸುತ್ತಿ ಕೂತಿರುತ್ತದೆ. ಗೂನುಮೂಗಿನ ಗುಳಿಮಂಡಲ ತರಗೆಲೆಯ ಬಣ್ಣದ್ದು, ತೋಟಗಳಲ್ಲೂ ಇರುತ್ತದೆ. ಎರಡಕ್ಕೂ ಸದ್ದು ಮಾಡಿ ಎಚ್ಚರಿಸುವ ಗಿಲಕಿ ಇಲ್ಲ. ಕಾಲಿಡುವ ಜಾಗವನ್ನು ನೀವೇ ನೋಡಿಕೊಳ್ಳಬೇಕು. ಮೊಣಕಾಲೂರುವ ಮೊದಲು, ಬಳ್ಳಿ ಹಿಡಿಯುವ ಮೊದಲು ಕೂಡ.

ಮ್ಯಾಕ್ರೊ ಲೆನ್ಸಿನದೇ ತೊಂದರೆ. ಅದು ಕ್ಯಾಮೆರಾದೊಳಗಿನ ಸೆನ್ಸರಿನಿಂದ 30 ಸೆಂ.ಮೀ. ಹತ್ತಿರದವರೆಗೂ ಫೋಕಸ್ ಆಗುತ್ತದೆ. ಅಷ್ಟು ಹೋದರೆ ಲೆನ್ಸಿನ ಮೂತಿ ಹಾವಿನಿಂದ ಒಂದು ಗೇಣೂ ದೂರ ಇರುವುದಿಲ್ಲ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟವರಿಗೆ ತಾವು ಮುಂದೆ ಜಾರಿದ್ದು ಗೊತ್ತೇ ಆಗುವುದಿಲ್ಲ. ಎರಡು ಮೀಟರ್ ದೂರ ನಿಲ್ಲಿ. 70–300 ಎಂಎಂ ಜೂಮ್ ಲೆನ್ಸ್ ಎರವಲು ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ಇದೇ ಲೆನ್ಸಿನಲ್ಲಿ ತೆಗೆದು ಆಮೇಲೆ ಕತ್ತರಿಸಿಕೊಳ್ಳಿ.

ಕಾಡಿನೊಳಗೆ ಬೆಳಕು ಕಡಿಮೆ. ಆದರೆ ಈ ಹಾವು ಗಂಟೆಗಟ್ಟಲೆ ಅಲುಗದು. ಟ್ರೈಪಾಡ್ ಮೇಲೆ ಅಪರ್ಚರ್ ಎಫ್/8, ಶಟರ್ 1/30 ಸೆಕೆಂಡ್ ಸಾಕು, ಫೋಕಸ್ ಕಣ್ಣಿನ ಮೇಲಿರಲಿ. ಗಾಳಿಗೆ ಕೊಂಬೆ ತೂಗಿದರೆ ಮಾತ್ರ ಐಎಸ್ಒ (ಬೆಳಕಿನ ಸಂವೇದನೆ) 1600ಕ್ಕೆ ಏರಿಸಿ ಶಟರ್ ವೇಗ ಹೆಚ್ಚಿಸಿ. ನೆನೆದ ಹುರುಪೆಗೆ ನೇರ ಫ್ಲ್ಯಾಶ್ ಹಾಕಿದರೆ ಬಿಳಿ ಚುಕ್ಕೆಗಳೇ ಉಳಿಯುತ್ತವೆ. ಅಡ್ಡ ಬಂದ ಎಲೆಯನ್ನು ಕೋಲಿನಿಂದ ಸರಿಸಲು ಹೋಗಬೇಡಿ, ಹಾವನ್ನು ಕೆಣಕುವುದು ಅಲ್ಲಿಂದಲೇ. ಉಂಬಳ ಹತ್ತಿದರೆ ಮೊದಲು ಹಿಂದೆ ಸರಿದು, ಆಮೇಲೆ ಕುಪ್ಪಳಿಸಿ!

ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಉಂಗುರ, ವಾಚು ತೆಗೆದು, ಕೈಕಾಲು ಅಲುಗಿಸದೆ ತಕ್ಷಣ ಆಸ್ಪತ್ರೆಗೆ ಹೋಗಿ. ನಮ್ಮಲ್ಲಿ ಸಿಗುವ ವಿಷನಿರೋಧಕ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲಗಳ ವಿಷದಿಂದ. ಗೂನುಮೂಗಿನದಕ್ಕೆ ಅದು ನಾಟದು, ಆ ಹಾವಿನ ಕಡಿತದಿಂದ ಮೂತ್ರಪಿಂಡವೂ ಕೆಡಬಹುದು. ಕಡಿತ ಸಣ್ಣದೆಂದು ಮನೆಯಲ್ಲಿ ಕೂರಬೇಡಿ.

ಮನೆಯಂಗಳಕ್ಕೆ ಹಾವು ಬಂದರೆ ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್‌ನಲ್ಲಿ ತಿಳಿಸಿ, ತರಬೇತಿಯಾದವರು ಬರುತ್ತಾರೆ.